ಹೊತ್ತುಕೊಂಡು ಹೋಗುವವರಿಗೆ ಏನು ಕೊಡೋಣ? ಪ್ರವಾಸಪ್ರಿಯರ ಸಣ್ಣ ಉಡುಗೊರೆಗಳ ಹೋಲಿಕೆ

ಪ್ರವಾಸ ಮಾಡುವವರಿಗೆ ಏನು ಕೊಟ್ಟರೂ ಅದನ್ನು ಹೊರುವವರು ಅವರೇ. ಮನೆಗೆಂದು ಕೊಟ್ಟ ಹೂದಾನಿ ಕಪಾಟಿನ ಮೇಲೆ ತನ್ನ ಪಾಡಿಗೆ ಇರುತ್ತದೆ. ಪ್ರವಾಸಕ್ಕೆಂದು ಕೊಟ್ಟ ಕಾಲು ಕಿಲೋದ ವಸ್ತುವಿನ ಭಾರ ಮಾತ್ರ ರೈಲು ನಿಲ್ದಾಣದ ಒಂದೊಂದು ಮೆಟ್ಟಿಲಲ್ಲೂ ತಿಳಿಯುತ್ತದೆ. ಆದ್ದರಿಂದ ಅಂಗಡಿಯಲ್ಲಿ ಒಂದು ವಸ್ತುವನ್ನು ಕೈಗೆತ್ತಿಕೊಂಡಾಗ ನಾನು ಮೂರು ಸಂಗತಿ ನೋಡುತ್ತೇನೆ. ಎಷ್ಟು ತೂಗುತ್ತದೆ? ಇದು ಬಂದರೆ ಚೀಲದಲ್ಲಿರುವ ಬೇರೆ ಯಾವುದನ್ನು ಮನೆಯಲ್ಲೇ ಬಿಡಬಹುದು? ಅವರು ಹೋಗುವ ವಾಹನಕ್ಕೆ ಇದು ಹೊಂದುತ್ತದೆಯೇ?

ಹೆಚ್ಚಿನವರು ಯೋಚಿಸದೆ ಬಿಡುವುದು ಈ ಮೂರನೆಯದನ್ನು. ಸ್ಲೀಪರ್ ಬೋಗಿಯಲ್ಲಿ ಎರಡು ರಾತ್ರಿ ಕಳೆದು ಕಾಶಿಗೆ ಹೋಗುವ ಅತ್ತೆ, ಶನಿವಾರ ಬಂತೆಂದರೆ ಘಟ್ಟ ಹತ್ತುವ ತಂಗಿಯ ಮಗ, ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ನೆರೆಮನೆಯ ದಂಪತಿ, ಮೂವರೂ ಪ್ರವಾಸಿಗಳೇ. ಆದರೆ ಒಬ್ಬರಿಗೆ ವರವಾದದ್ದು ಇನ್ನೊಬ್ಬರಿಗೆ ಹೊರೆ. ಕೆಳಗಿನ ಹೋಲಿಕೆಗಳನ್ನು ಓದುವಾಗ ನಿಮ್ಮ ಮನಸ್ಸಿನಲ್ಲಿರುವ ವ್ಯಕ್ತಿ ಯಾವ ಸೀಟಿನಲ್ಲಿ ಕೂತು ಹೋಗುತ್ತಾರೆ ಎಂಬುದನ್ನು ಮೊದಲು ನೆನೆದುಕೊಳ್ಳಿ.

ಪಾಣಿಪಂಚೆಯೋ, ಮೈಕ್ರೋಫೈಬರ್ ಟವೆಲೋ

ಪ್ರವಾಸಿಗಳ ಉಡುಗೊರೆ ಎಂದು ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಮೈಕ್ರೋಫೈಬರ್ ಟವೆಲ್. ಅದರ ಗುಣವನ್ನು ಒಪ್ಪಲೇಬೇಕು: ಮಡಿಚಿದರೆ ಮುಷ್ಟಿಯಷ್ಟು, ಹಿಂಡಿ ಹರವಿದರೆ ಬೇಗ ಒಣಗುತ್ತದೆ. ಈಜುವವರಿಗೆ, ಹಿಮಾಲಯದಲ್ಲಿ ಗ್ರಾಂ ಲೆಕ್ಕದಲ್ಲಿ ಚೀಲ ಕಟ್ಟುವವರಿಗೆ ಸರಿ. ಆದರೆ ಒದ್ದೆ ಮೈಗೆ ಅಂಟಿಕೊಂಡಂತಾಗುತ್ತದೆ, ಎರಡು ದಿನ ತೊಳೆಯದಿದ್ದರೆ ವಾಸನೆ ಹಿಡಿಯುತ್ತದೆ, ಮೈ ಒರೆಸುವುದು ಬಿಟ್ಟರೆ ಹೆಚ್ಚಿನ ಕೆಲಸಕ್ಕೆ ಒದಗುವುದಿಲ್ಲ.

ನನ್ನ ಆಯ್ಕೆ ತೆಳು ಹತ್ತಿಯ ಪಾಣಿಪಂಚೆ. ಕರಾವಳಿಯವರು ಬೈರಾಸು ಎನ್ನುವ ಬಟ್ಟೆಯೂ ಇದೇ ಬಳಗದ್ದು. ಒಂದು ದಿನದ ಪ್ರಯಾಣದಲ್ಲಿ ಅದು ಏನೆಲ್ಲ ಆಗುತ್ತದೆ ನೋಡಿ. ಬಸ್ಸಿನ ಕಿಟಕಿಯಿಂದ ಬಿಸಿಲು ಹೊಡೆದರೆ ಮೇಲಿನ ಕಂಬಿಗೆ ಸಿಕ್ಕಿಸಿದ ಪರದೆ. ಸುರುಳಿ ಸುತ್ತಿದರೆ ಕತ್ತಿನ ಕೆಳಗಿನ ದಿಂಬು. ಏಸಿ ಬೋಗಿಯ ಚಳಿಗೆ ಕಿವಿ ಮುಚ್ಚುವ ಮಫ್ಲರ್. ಉಡುಪಿಯ ಕೃಷ್ಣಮಠದಲ್ಲಿ, ಧರ್ಮಸ್ಥಳದಲ್ಲಿ ಗಂಡಸರು ಅಂಗಿ ಕಳಚಬೇಕು. ಆಗ ಹೆಗಲಿಗೆ ಅದೇ ಶಲ್ಯ. ಹೊಳೆಯಲ್ಲಿ ಮುಳುಗಿ ಎದ್ದು ಬಟ್ಟೆ ಬದಲಿಸುವಾಗ ಸೊಂಟಕ್ಕೂ ಅದೇ. ದಪ್ಪ ನೂಲಿನ ಟರ್ಕಿ ಟವೆಲ್ ಮಳೆಗಾಲದ ಆಗುಂಬೆಯಲ್ಲಿ ಎರಡು ದಿನವಾದರೂ ಒದ್ದೆಯಾಗಿಯೇ ಇರುತ್ತದೆ. ಪಾಣಿಪಂಚೆಯನ್ನು ಫ್ಯಾನಿನ ಕೆಳಗೆ ಹರವಿದರೆ ಬೆಳಗಾಗುವುದರೊಳಗೆ ಮಡಿಚಿ ಇಡಬಹುದು.

ಖಾದಿ ಭಂಡಾರಗಳಲ್ಲಿ, ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ‘ಪ್ರಿಯದರ್ಶಿನಿ’ ಮಳಿಗೆಗಳಲ್ಲಿ ಒಳ್ಳೆಯವು ಸಿಗುತ್ತವೆ. ಮೇಲುಕೋಟೆಗೆ ಹೋದಾಗ ಅಲ್ಲಿನ ಕೈಮಗ್ಗದ ಪಂಚೆಗಳನ್ನೂ ನೋಡಿ. ಒಂದು ಸೂಕ್ಷ್ಮ: ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ನೀರು ಹೀರುವುದಿಲ್ಲ. ಎರಡು ಸಲ ಒಗೆದು, ಒಣಗಿಸಿ, ಮಡಿಚಿ ಕೊಡಿ. ಹೊಸತನದ ಹೊಳಪು ಹೋಯಿತೆಂದು ಸಂಕೋಚಪಡಬೇಡಿ. ಪಡೆದವರು ಅದನ್ನು ಆ ದಿನವೇ ಚೀಲಕ್ಕೆ ಹಾಕಿಕೊಳ್ಳಬಹುದು.

ಪವರ್ ಬ್ಯಾಂಕ್: ದೊಡ್ಡದು ಕೊಟ್ಟರೆ ದೊಡ್ಡ ಮನಸ್ಸಲ್ಲ

ಇದು ಎಲ್ಲರಿಗೂ ಬೇಕಾದ ವಸ್ತು, ಅಷ್ಟೇ ಸುಲಭವಾಗಿ ತಪ್ಪು ಆರಿಸುವ ವಸ್ತುವೂ ಹೌದು. ಕೊಡುವವರು ಡಬ್ಬಿಯ ಮೇಲಿನ ಸಾಮರ್ಥ್ಯದ ಸಂಖ್ಯೆ ನೋಡಿ 20,000 ಎಂಎಎಚ್ (ಮಿಲಿಆಂಪಿಯರ್-ಅವರ್) ಇರಲಿ, 30,000 ಇದ್ದರೆ ಇನ್ನೂ ಒಳ್ಳೆಯದು ಎಂದುಕೊಳ್ಳುತ್ತಾರೆ.

ಆದರೆ ವಿಮಾನದವರು ಲೆಕ್ಕ ಹಾಕುವುದು ಬ್ಯಾಟರಿಯಲ್ಲಿರುವ ಶಕ್ತಿಯ ಅಳತೆಯಾದ ವ್ಯಾಟ್-ಅವರ್‌ನಲ್ಲಿ. ಎಂಎಎಚ್ ಸಂಖ್ಯೆಯನ್ನು 3.7 ವೋಲ್ಟ್‌ನಿಂದ ಗುಣಿಸಿ 1,000ದಿಂದ ಭಾಗಿಸಿದರೆ ಅದು ಸಿಗುತ್ತದೆ. 10,000 ಎಂಎಎಚ್ ಎಂದರೆ 37 ವ್ಯಾಟ್-ಅವರ್, 20,000 ಎಂದರೆ 74. ವಿಮಾನದ ಕೈಚೀಲದಲ್ಲಿ ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದ ಮಿತಿ 100. ಅಲ್ಲಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. 30,000ದ್ದು 111 ಆಗುತ್ತದೆ. ನೀವು ಪ್ರೀತಿಯಿಂದ ಕೊಟ್ಟದ್ದು ಭದ್ರತಾ ತಪಾಸಣೆಯ ಮೇಜಿನ ಮೇಲೆಯೇ ಉಳಿದುಹೋಗಬಹುದು. ಯಾವ ಗಾತ್ರದ್ದೇ ಆಗಲಿ, ಚೆಕ್-ಇನ್ ಸಾಮಾನಿನಲ್ಲಿ ಇಡುವಂತಿಲ್ಲ. ಮೊದಲ ಸಲ ವಿಮಾನ ಹತ್ತುವ ಹಿರಿಯರಿಗೆ ಕೊಡುವಾಗ ಈ ಮಾತನ್ನು ಬಾಯಿಬಿಟ್ಟು ಹೇಳಿ. ಈಚೆಗೆ ನಿಯಮಗಳು ಬಿಗಿಯಾಗುತ್ತಿವೆ: ಎಮಿರೇಟ್ಸ್ ಸಂಸ್ಥೆ 2025ರ ಅಕ್ಟೋಬರ್ 1ರಿಂದ ಒಬ್ಬರಿಗೆ ಒಂದೇ ಪವರ್ ಬ್ಯಾಂಕ್ ಎಂದು ಮಿತಿ ಹಾಕಿ, ವಿಮಾನದೊಳಗೆ ಅದನ್ನು ಬಳಸುವುದನ್ನೂ ನಿಲ್ಲಿಸಿತು. ಚೀನಾದ ದೇಶೀಯ ವಿಮಾನಗಳಲ್ಲಿ ಅಲ್ಲಿನ ‘3ಸಿ’ ಸುರಕ್ಷತಾ ಗುರುತಿಲ್ಲದ ಪವರ್ ಬ್ಯಾಂಕ್‌ಗಳಿಗೆ 2025ರ ಜೂನ್ 28ರಿಂದ ಪ್ರವೇಶವೇ ಇಲ್ಲ.

ಹಾಗಾದರೆ 10,000 ಒಳ್ಳೆಯದೋ, 20,000 ಒಳ್ಳೆಯದೋ? ಈಗಿನ ಫೋನುಗಳ ಬ್ಯಾಟರಿ 5,000 ಎಂಎಎಚ್‌ನ ಆಸುಪಾಸು. ವೋಲ್ಟೇಜ್ ಏರಿಸುವಾಗ ಆಗುವ ನಷ್ಟ ಕಳೆದರೆ 10,000ದ್ದು ಫೋನನ್ನು ಒಂದು ಸಲ ಪೂರ್ತಿ ತುಂಬಿಸಿ, ಸ್ವಲ್ಪ ಉಳಿಸುತ್ತದೆ. ತೂಕ ಸುಮಾರು 200 ಗ್ರಾಂ. ದೊಡ್ಡದರ ತೂಕ ಹೆಚ್ಚುಕಡಿಮೆ ಇದರ ಇಮ್ಮಡಿ. ರಾತ್ರಿ ಎಲ್ಲಾದರೂ ಪ್ಲಗ್ ಸಿಗುವವರಿಗೆ, ಅಂದರೆ ಬಹುಪಾಲು ಪ್ರವಾಸಿಗಳಿಗೆ, ಚಿಕ್ಕದೇ ಸಾಕು. ಎರಡು ರಾತ್ರಿಯ ರೈಲು ಪ್ರಯಾಣಕ್ಕೆ, ಗಂಡ ಹೆಂಡತಿ ಇಬ್ಬರ ಫೋನಿಗೂ ಒಂದೇ ಪವರ್ ಬ್ಯಾಂಕ್ ಎನ್ನುವವರಿಗೆ ದೊಡ್ಡದು ಕೊಡಬಹುದು. ರೈಲಿನಲ್ಲಿ ಪ್ಲಗ್ ಇರುತ್ತದೆಯಲ್ಲ ಎನ್ನಬಹುದು. ಬೆಂಕಿಯ ಅಪಾಯ ತಪ್ಪಿಸಲು ಅನೇಕ ರೈಲುಗಳಲ್ಲಿ ರಾತ್ರಿ 11ರಿಂದ ಬೆಳಗಿನ 5ರವರೆಗೆ ಆ ಪ್ಲಗ್‌ಗಳ ವಿದ್ಯುತ್ ಕಡಿತ ಮಾಡುತ್ತಾರೆ.

ಕೊಳ್ಳುವಾಗ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಸಂಖ್ಯೆ ಇದೆಯೇ ನೋಡಿ. ಅದು ‘ಆರ್’ ಅಕ್ಷರದಿಂದ ಶುರುವಾಗುತ್ತದೆ. ವ್ಯಾಟ್-ಅವರ್ ಸಂಖ್ಯೆಯೂ ಅಲ್ಲೇ ಅಳಿಸದಂತೆ ಅಚ್ಚಾಗಿರಬೇಕು. ತಪಾಸಣೆಯವರು ಓದುವುದು ಅದನ್ನೇ. ಯಾವ ಗುರುತೂ ಇಲ್ಲದ ಅಗ್ಗದ ಪವರ್ ಬ್ಯಾಂಕನ್ನು ಉಡುಗೊರೆಯಾಗಿ ಕೊಡಲೇಬೇಡಿ. ಅದು ಅವರ ತಲೆದಿಂಬಿನ ಪಕ್ಕದಲ್ಲಿ ಮಲಗುವ ವಸ್ತು.

ಬೀಗ ಮತ್ತು ಸರಪಳಿ

ರೈಲಿನಲ್ಲಿ ಓಡಾಡುವವರಿಗೆ ಇದಕ್ಕಿಂತ ನೆಮ್ಮದಿ ಕೊಡುವ ಉಡುಗೊರೆ ನನಗೆ ಗೊತ್ತಿಲ್ಲ. ಬೋಗಿಯ ಕೆಳಗಿನ ಬರ್ತಿನ ಅಡಿಯಲ್ಲಿ ಲೋಹದ ಬಳೆಯೋ ತಂತಿಯೋ ಇರುತ್ತದೆ. ಸರಪಳಿಯನ್ನು ಅದರೊಳಗಿಂದ ತೂರಿಸಿ, ಚೀಲದ ಹಿಡಿಕೆಯನ್ನು ಸುತ್ತಿಸಿ ಬೀಗ ಹಾಕಿದರೆ ಮೇಲಿನ ಬರ್ತಿನಲ್ಲಿ ನಿದ್ದೆ ಬರುತ್ತದೆ. ಪ್ಲಾಟ್‌ಫಾರ್ಮ್‌ಗಳಲ್ಲಿ ಮಾರುವ ಸರಪಳಿ ಅಗ್ಗ. ಆದರೆ ಹಲವದರ ಕೊಂಡಿಗಳು ಜೋರಾಗಿ ಎಳೆದರೆ ಬಾಯಿ ಬಿಡುತ್ತವೆ. ಅದರ ಬದಲು ಪ್ಲಾಸ್ಟಿಕ್ ಹೊದಿಕೆಯ ಉಕ್ಕಿನ ಹುರಿ ಕೊಡಿ. ಹಗುರ, ರಾತ್ರಿ ಗಲಗಲ ಸದ್ದಿಲ್ಲ, ಚೀಲದ ಬಟ್ಟೆಯೂ ಸವೆಯುವುದಿಲ್ಲ.

ಬೀಗದಲ್ಲಿ ಕೀಲಿಯದೋ, ಅಂಕಿಯದೋ? ಯುವಕರಿಗೆ ಅಂಕಿಯದು ಸರಿ, ಕೀಲಿ ಕಳೆಯುವ ಭಯವಿಲ್ಲ. ಆದರೆ ನಡುರಾತ್ರಿ ಬೋಗಿಯ ನೀಲಿ ದೀಪದಲ್ಲಿ ಕನ್ನಡಕವಿಲ್ಲದೆ ಆ ಪುಟ್ಟ ಅಂಕಿಗಳನ್ನು ತಿರುಗಿಸುವುದು ಅರವತ್ತು ದಾಟಿದವರಿಗೆ ಹಿಂಸೆ. ಕೀಲಿಕೈಯನ್ನು ಉಡಿದಾರಕ್ಕೋ ಬಳೆಯ ಪಿನ್ನಿಗೋ ಸಿಕ್ಕಿಸಿಕೊಳ್ಳುವ ರೂಢಿ ಅವರಿಗೆ ಇದ್ದೇ ಇದೆ. ಅವರಿಗೆ ಎರಡು ಕೀಲಿಯ ಒಳ್ಳೆಯ ಹಿತ್ತಾಳೆ ಬೀಗ ಕೊಡಿ.

ಅಮೆರಿಕಕ್ಕೆ ಹೋಗುವವರ ವಿಷಯ ಬೇರೆ. ಅಲ್ಲಿನ ವಿಮಾನ ನಿಲ್ದಾಣಗಳ ಭದ್ರತಾ ಸಿಬ್ಬಂದಿ ಚೆಕ್-ಇನ್ ಸೂಟ್‌ಕೇಸನ್ನು ತೆರೆದು ನೋಡಬೇಕೆಂದರೆ ಸಾಮಾನ್ಯ ಬೀಗವನ್ನು ಕತ್ತರಿಸಿಬಿಡಬಹುದು. ‘ಟಿಎಸ್‌ಎ’ ಬೀಗ, ಅಂದರೆ ಆ ಭದ್ರತಾ ಸಂಸ್ಥೆ ಒಪ್ಪಿದ ಬೀಗವಾದರೆ ಅವರ ಬಳಿಯಿರುವ ಮಾಸ್ಟರ್ ಕೀಲಿಯಿಂದ ತೆರೆದು ಮತ್ತೆ ಮುಚ್ಚುತ್ತಾರೆ. ಹಲವು ಸೂಟ್‌ಕೇಸುಗಳಲ್ಲಿ ಅದು ಮೊದಲೇ ಕೂರಿಸಿ ಬರುತ್ತದೆ. ಕೊಳ್ಳುವ ಮುನ್ನ ಉಪಾಯವಾಗಿ ವಿಚಾರಿಸಿ.

ನೀರಿನ ಬಾಟಲಿ

ತಾಮ್ರದ್ದು ನೋಡಲು ಚೆಂದ, ಪ್ರಯಾಣಕ್ಕೆ ಕಷ್ಟ. ಮಜ್ಜಿಗೆ, ನಿಂಬೆ ಪಾನಕದಂಥ ಹುಳಿಯ ಪದಾರ್ಥ ಅದರಲ್ಲಿ ಹಾಕುವಂತಿಲ್ಲ, ಆಗಾಗ ತಿಕ್ಕಿ ತೊಳೆಯಬೇಕು. ಮನೆಯಲ್ಲಿರಲಿ. ಉಳಿದದ್ದು ಒಂದೇ ಪದರದ ಸ್ಟೀಲ್ ಬಾಟಲಿ ಮತ್ತು ಬಿಸಿ-ತಂಪು ಕಾಯುವ ಎರಡು ಪದರದ್ದು. ಏಪ್ರಿಲ್‌ನಲ್ಲಿ ಹಂಪಿ, ಬಾದಾಮಿ ಸುತ್ತುವವರಿಗೆ, ಬದರಿಯ ಚಳಿಗೆ ಹೋಗುವ ಹಿರಿಯರಿಗೆ ಎರಡನೆಯದು ತನ್ನ ತೂಕಕ್ಕೆ ತಕ್ಕ ಕೆಲಸ ಮಾಡುತ್ತದೆ. ಉಳಿದೆಲ್ಲರಿಗೂ ಒಂದು ಪದರದ, ಮುಕ್ಕಾಲು ಲೀಟರಿನ, ಅಗಲ ಬಾಯಿಯ ಬಾಟಲಿ ಸಾಕು. ಬಾಯಿ ಎಷ್ಟು ಅಗಲ ಎಂದರೆ ಬಾಟಲಿ ತೊಳೆಯುವ ಬ್ರಷ್ ಒಳಗೆ ಹೋಗಿ ತಳದವರೆಗೆ ಉಜ್ಜುವಂತಿರಬೇಕು. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದ ನಲ್ಲಿಗೆ ಹಿಡಿದಾಗಲೂ ಅರ್ಧ ನೀರು ಹೊರಗೆ ಚೆಲ್ಲುವುದಿಲ್ಲ.

ಘಟ್ಟ ಹತ್ತುವವರಿಗೆ: ಇಂಬಳದ ಕಾಲುಚೀಲ, ಹಣೆಯ ದೀಪ

ಚಾರಣಿಗರಿಗೆ ಸಾಮಾನ್ಯವಾಗಿ ಕೊಡುವುದು ಹಲವು ಅಲಗುಗಳ ಮಡಚುವ ಚಾಕು. ವಿಮಾನದ ಕೈಚೀಲದಲ್ಲಿ ಒಯ್ಯುವಂತಿಲ್ಲ, ಪಶ್ಚಿಮಘಟ್ಟದ ಒಂದು ದಿನದ ಚಾರಣದಲ್ಲಿ ಅದಕ್ಕೆ ದೊಡ್ಡ ಕೆಲಸವೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಕಾಡಿನಲ್ಲಿ ನಡೆಯುವವರನ್ನು ಕಾಡುವುದು ಇಂಬಳ, ಅಂದರೆ ರಕ್ತ ಹೀರುವ ಜಿಗಣೆ. ಉಪ್ಪು, ನಶ್ಯ, ಸುಣ್ಣ, ಬೇವಿನೆಣ್ಣೆ ಎಂದು ಊರಿಗೊಂದು ಮದ್ದು ಹೇಳುತ್ತಾರೆ. ಎಲ್ಲವೂ ಮಳೆಯಲ್ಲಿ ಅರ್ಧ ಗಂಟೆಗೆ ತೊಳೆದುಹೋಗುತ್ತವೆ. ಒತ್ತಾದ ನೇಯ್ಗೆಯ, ಮಂಡಿಯವರೆಗೆ ಬಂದು ಲಾಡಿಯಿಂದ ಬಿಗಿಯುವ ಇಂಬಳದ ಕಾಲುಚೀಲ ಮಾತ್ರ ಹಾಗಲ್ಲ. ಮಾಮೂಲಿ ಸಾಕ್ಸಿನ ಮೇಲೆ ಹಾಕಿ ಶೂ ತೊಟ್ಟರೆ ಇಂಬಳ ಹತ್ತಿದರೂ ಚರ್ಮ ಸಿಗುವುದಿಲ್ಲ. ತಿಳಿ ಬಣ್ಣದ್ದೇ ಕೊಡಿ. ಹತ್ತುತ್ತಿರುವುದು ಕಣ್ಣಿಗೆ ಕಾಣುತ್ತದೆ, ಮಂಡಿ ದಾಟುವ ಮೊದಲೇ ಕೊಡವಬಹುದು. ನೂರು ಗ್ರಾಂ ಸುತ್ತಮುತ್ತಲಿನ ಈ ಬಟ್ಟೆಯಿಂದ ಕಾಡಿನಲ್ಲಿ ನೆಲ ನೋಡಿಕೊಂಡು ಓಡುವುದು ತಪ್ಪಿ, ಮರ ನೋಡಿಕೊಂಡು ನಡೆಯುವುದು ಸಾಧ್ಯವಾಗುತ್ತದೆ. ಬೇಸಿಗೆಯಲ್ಲಷ್ಟೇ ಚಾರಣ ಮಾಡುವವರಿಗೆ ಮಾತ್ರ ಇದರ ಅಗತ್ಯವಿಲ್ಲ.

ದೀಪದಲ್ಲಿ ಕೈಟಾರ್ಚಿಗಿಂತ ಹಣೆಗೆ ಕಟ್ಟುವುದು ಎಷ್ಟೋ ಮೇಲು. 1,712 ಮೀಟರ್ ಎತ್ತರದ ಕುಮಾರ ಪರ್ವತದಂಥ ದೀರ್ಘ ಹಾದಿಯಲ್ಲಿ ಇಳಿಯುವಾಗ ಕತ್ತಲಾದರೆ ಎರಡೂ ಕೈ ಖಾಲಿ ಇರಬೇಕು. ಯುಎಸ್‌ಬಿಯಿಂದ ಚಾರ್ಜ್ ಆಗುವುದು ವಾರಾಂತ್ಯದ ಚಾರಣಿಗರಿಗೆ, ಸೆಲ್ ಹಾಕುವಂಥದ್ದು ವಾರಗಟ್ಟಲೆ ಹಿಮಾಲಯದಲ್ಲಿರುವವರಿಗೆ. ಕೆಂಪು ಬೆಳಕಿನ ಆಯ್ಕೆಯೂ ಇದ್ದರೆ ರೈಲಿನಲ್ಲಿ, ಛತ್ರದಲ್ಲಿ ಪಕ್ಕದವರ ನಿದ್ದೆ ಕೆಡಿಸದೆ ಚೀಲ ಹುಡುಕಬಹುದು. ಗುಂಡಿ ತಾನಾಗಿ ಒತ್ತಿಹೋಗುವಷ್ಟು ಸಡಿಲವಾಗಿದ್ದರೆ ಬೇಡ.

ನಿದ್ದೆಯ ಸರಕು

ಕತ್ತಿನ ದಿಂಬಿನ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಫೋಮಿನದು ಚೀಲದ ಹೊರಗೆ ನೇತಾಡುತ್ತ ಧೂಳು ತಿನ್ನುತ್ತದೆ. ಐರಾವತ, ರಾಜಹಂಸ ಬಸ್ಸುಗಳಲ್ಲಿ ಕೂತೇ ರಾತ್ರಿ ಕಳೆಯುವವರಿಗೆ, ದೂರದ ವಿಮಾನ ಪ್ರಯಾಣದವರಿಗೆ ಗಾಳಿ ತುಂಬುವ ದಿಂಬು ಒಳ್ಳೆಯದು. ಮಲಗಿ ಹೋಗುವ ಅಂಬಾರಿ ಬಸ್ಸಿನವರಿಗೆ, ರೈಲಿನವರಿಗೆ ಯಾವುದೂ ಬೇಡ. ಅದೇ ಹಣಕ್ಕೆ ಹತ್ತಿಯ ಕಣ್ಣುಪಟ್ಟಿ, ಕಿವಿಗೆ ಮೃದುವಾದ ಬಿರಡೆ, ಒಂದು ತೆಳು ಹೊದಿಕೆ ಬರುತ್ತವೆ. ಹೊದಿಕೆಯನ್ನು ಸ್ಲೀಪರ್ ಬೋಗಿಯವರಿಗೇ ಕೊಡಿ. ಏಸಿ ಬೋಗಿಯಲ್ಲಿ ರೈಲ್ವೆಯೇ ಹಾಸಿಗೆ ಹೊದಿಕೆ ಕೊಡುತ್ತದೆ, ಸ್ಲೀಪರ್‌ನಲ್ಲಿ ಸಾಮಾನ್ಯವಾಗಿ ಕೊಡುವುದಿಲ್ಲ.

ವಿದೇಶಕ್ಕೆ ಹೊರಟವರಿಗೆ

ಎಲ್ಲ ದೇಶಗಳ ಪ್ಲಗ್ಗಿಗೂ ಹೊಂದುವ ಯೂನಿವರ್ಸಲ್ ಅಡಾಪ್ಟರ್ ದೇಶ ದೇಶ ಸುತ್ತುವವರಿಗೆ ಸರಿಯಾದ ಉಡುಗೊರೆ. ಆದರೆ ಅದು ದಪ್ಪ, ಸಡಿಲ ಪ್ಲಗ್‌ನಲ್ಲಿ ಭಾರಕ್ಕೆ ಜಾರಿ ಬೀಳುತ್ತದೆ. ಒಂದೇ ದೇಶಕ್ಕೆ ಮತ್ತೆ ಮತ್ತೆ ಹೋಗುವವರಿಗೆ ಆ ದೇಶದ್ದೇ ಪುಟ್ಟ ಅಡಾಪ್ಟರ್ ಎರಡು ಕೊಡುವುದು ಜಾಣತನ. ಬ್ರಿಟನ್, ಯುಎಇ, ಸಿಂಗಪುರ, ಮಲೇಷ್ಯಾಗಳಿಗೆ ಮೂರು ಚೌಕ ಕಡ್ಡಿಯದು. ಅಮೆರಿಕ, ಜಪಾನ್‌ಗಳಿಗೆ ಎರಡು ಚಪ್ಪಟೆ ಕಡ್ಡಿಯದು. ಯುರೋಪಿನ ಬಹುತೇಕ ದೇಶಗಳಲ್ಲಿ ನಮ್ಮ ಫೋನ್ ಚಾರ್ಜರಿನ ಎರಡು ಸಣ್ಣ ದುಂಡು ಕಡ್ಡಿ ನೇರವಾಗಿ ಹಿಡಿಯುತ್ತದೆ, ಅಡಾಪ್ಟರ್ ಬೇಕಾಗದೇ ಇರಬಹುದು. ಕೊಡುವಾಗ ಒಂದು ಮಾತು ಸೇರಿಸಿ: ಅಡಾಪ್ಟರ್ ಕಡ್ಡಿಯ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜನ್ನಲ್ಲ. ಫೋನ್ ಚಾರ್ಜರ್ 100ರಿಂದ 240 ವೋಲ್ಟ್‌ವರೆಗೆ ನಡೆಯುತ್ತದೆ. ಊರಿನ ಮಿಕ್ಸಿಯನ್ನು ಅಮೆರಿಕದ 120 ವೋಲ್ಟ್‌ಗೆ ಹಾಕಿದರೆ ಅದು ದೋಸೆಹಿಟ್ಟು ರುಬ್ಬುವುದಿಲ್ಲ.

ಮಕ್ಕಳ ಮನೆಗೆ ಹೋಗುವ ತಂದೆತಾಯಿಯರಿಗೆ ನಾನು ಅಡಾಪ್ಟರಿಗಿಂತ ಮೊದಲು ಕೊಡುವುದು ಸಾಮಾನು ತೂಗುವ ಕೈತಕ್ಕಡಿ. ಸೂಟ್‌ಕೇಸಿನ ಹಿಡಿಕೆಗೆ ಪಟ್ಟಿ ಸಿಕ್ಕಿಸಿ ಎತ್ತಿದರೆ ತೂಕ ತೋರಿಸುತ್ತದೆ. ಸಾಂಬಾರಪುಡಿ, ಹಪ್ಪಳ, ಮೊಮ್ಮಗುವಿನ ಬಟ್ಟೆ ತುಂಬಿದ ಪೆಟ್ಟಿಗೆ 23 ಕಿಲೋ ಮೀರಿದೆ ಎಂದು ನಿಲ್ದಾಣದ ಕೌಂಟರಿನ ಮುಂದೆ ಗೊತ್ತಾಗಿ, ಸಾಲಿನಲ್ಲಿ ನಿಂತವರೆದುರು ನೆಲದ ಮೇಲೆ ಪೆಟ್ಟಿಗೆ ಬಿಚ್ಚುವ ಅವಮಾನ ಯಾವ ತಾಯಿಗೂ ಬೇಡ. ಡಿಜಿಟಲ್ ತಕ್ಕಡಿ ನಿಖರ, ಅಂಕಿ ಹಿಡಿದುಕೊಳ್ಳುತ್ತದೆ. ಸೆಲ್ ಯಾವುದು ಬೇಕೆಂದು ನೋಡಿ ಒಂದು ಹೆಚ್ಚಿನದನ್ನು ಜೊತೆಗಿಡಿ. ಸ್ಪ್ರಿಂಗಿನದಕ್ಕೆ ಸೆಲ್ ಬೇಡ, ಆದರೆ ಮುಳ್ಳು ನೋಡುವಷ್ಟು ಹೊತ್ತು ಪೆಟ್ಟಿಗೆಯನ್ನು ಎತ್ತಿ ಹಿಡಿಯಬೇಕು. ಹಿರಿಯರಿಗೆ ಅದು ಆಗದು.

ಮುಗಿದುಹೋಗುವ ಉಡುಗೊರೆ

ಎಲ್ಲ ಅನುಕೂಲವೂ ಈಗಾಗಲೇ ಚೀಲದಲ್ಲಿರುವ ಹಳೆಯ ಪ್ರವಾಸಿಗೆ ವಸ್ತುವಿಗಿಂತ ತಿನಿಸು ಲೇಸು. ಹೋಗುತ್ತ ಹೋಗುತ್ತ ಅದರ ಭಾರ ಕಡಿಮೆಯಾಗುತ್ತದೆ.

ಉತ್ತರ ಕರ್ನಾಟಕದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡದು, ಆದರೆ ಚೀಲದಲ್ಲಿ ಪುಡಿಯಾಗುತ್ತದೆ. ಗಟ್ಟಿ ಡಬ್ಬಿ ಒಯ್ಯುವ ಕಾರಿನವರಿಗೆ ಸರಿ. ರೈಲು, ವಿಮಾನದವರಿಗೆ ಗೊಜ್ಜವಲಕ್ಕಿಯ ಒಣ ಮಿಶ್ರಣ ಚೆನ್ನ. ನೀರಿದ್ದರೆ ಊಟ ಸಿದ್ಧ. ಶೇಂಗಾ, ಗುರೆಳ್ಳಿನ ಚಟ್ನಿಪುಡಿಗಳು ಎಲ್ಲಿ ಹೋದರೂ ಸಪ್ಪೆ ಊಟವನ್ನು ಉಳಿಸುತ್ತವೆ. ಸಿಹಿಯಲ್ಲಿ ಧಾರವಾಡ ಪೇಡಕ್ಕಿಂತ ಗೋಕಾಕ, ಅಮೀನಗಡದ ಕರದಂಟು ಪ್ರಯಾಣಕ್ಕೆ ಹೆಚ್ಚು ಒಗ್ಗುತ್ತದೆ. ಬೆಲ್ಲ, ಅಂಟು, ಒಣಹಣ್ಣುಗಳ ಗಟ್ಟಿ ತಿನಿಸಾದ್ದರಿಂದ ಬೇಗ ಕೆಡುವುದಿಲ್ಲ, ಬೆಟ್ಟ ಹತ್ತುವಾಗ ಒಂದು ತುಂಡು ಬಾಯಿಗಿಟ್ಟರೆ ಕಾಲಿಗೆ ಬಲ ಬರುತ್ತದೆ.

ಇಲ್ಲಿ ಎಚ್ಚರ ಬೇಕಾದ ಕೆಲವು ಸಂಗತಿಗಳಿವೆ. ಕರದಂಟಿಗೆ, ಅಂಟಿನ ಉಂಡೆಗೆ ಕೆಲವರು ಗಸಗಸೆ ಹಾಕುತ್ತಾರೆ. ಯುಎಇ, ಸೌದಿ ಅರೇಬಿಯಾ, ಸಿಂಗಪುರಗಳಲ್ಲಿ ಗಸಗಸೆ ಮಾದಕವಸ್ತು ಕಾನೂನಿನ ಅಡಿಯಲ್ಲಿ ನಿಷಿದ್ಧ. ಅಲ್ಲಿಗೆ ಹೋಗುವವರಿಗೆ ಕೊಡುವ ಮೊದಲು ಅಂಗಡಿಯವರನ್ನು ಕೇಳಿ, ಅನುಮಾನವಿದ್ದರೆ ಬಿಟ್ಟುಬಿಡಿ. ಇಡೀ ಒಣ ಕೊಬ್ಬರಿಯನ್ನು ವಿಮಾನದಲ್ಲಿ ಬಿಡುವುದಿಲ್ಲ, ಅದರ ಎಣ್ಣೆಯಂಶ ಹೊತ್ತಿಕೊಳ್ಳುವ ಅಪಾಯವಿದೆ ಎಂದು. ಉಪ್ಪಿನಕಾಯಿ, ತುಪ್ಪ, ಪುಳಿಯೋಗರೆ ಗೊಜ್ಜು ದ್ರವದ ಲೆಕ್ಕಕ್ಕೇ ಬರುತ್ತವೆ; ಅಂತರರಾಷ್ಟ್ರೀಯ ವಿಮಾನದ ಕೈಚೀಲದಲ್ಲಿ 100 ಮಿಲಿಲೀಟರ್ ಮೀರಿದ ಡಬ್ಬಿ ಹೋಗದು. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ 350 ಮಿಲಿಲೀಟರ್ ಮೀರಿದ ಪುಡಿಯನ್ನು ಕೈಚೀಲದಲ್ಲಿಟ್ಟರೆ ತಡೆಯಬಹುದು, ಚಟ್ನಿಪುಡಿಯನ್ನು ಚೆಕ್-ಇನ್ ಪೆಟ್ಟಿಗೆಗೆ ಹಾಕಲು ಹೇಳಿ. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ತಿನಿಸು, ಕಾಳು, ಮರದ ವಸ್ತು ಎಲ್ಲವನ್ನೂ ಘೋಷಣೆಯಲ್ಲಿ ತೋರಿಸಬೇಕು. ಮುಚ್ಚಿಟ್ಟರೆ ದಂಡ ಭಾರಿ.

ಇನ್ನೊಂದು ಬಗೆಯನ್ನು ಯಾರೂ ಅಷ್ಟಾಗಿ ಯೋಚಿಸುವುದಿಲ್ಲ: ಪ್ರವಾಸಿಗಳು ಹೋದಲ್ಲಿ ಬೇರೆಯವರಿಗೆ ಕೊಡಲು ಬೇಕಾದ ವಸ್ತುಗಳು. ಒಂದು ರಾತ್ರಿ ಉಳಿಸಿಕೊಂಡ ಮನೆಯವರಿಗೆ, ದಾರಿ ತೋರಿಸಿದ ಹುಡುಗನಿಗೆ ಬರಿಗೈಯಲ್ಲಿ ಧನ್ಯವಾದ ಹೇಳುವುದು ಹಲವರಿಗೆ ಮುಜುಗರ. ಐದಾರು ಚನ್ನಪಟ್ಟಣದ ಪುಟ್ಟ ಬೊಂಬೆಗಳನ್ನೋ, ಕೀಲಿಗೊಂಚಲುಗಳನ್ನೋ ಒಂದು ಬಟ್ಟೆಯ ಸಂಚಿಯಲ್ಲಿ ಹಾಕಿ ಕೊಡಿ. ಅರಗಿನ ಬಣ್ಣ ಹಚ್ಚಿದ ಹಗುರ ಮರ, ಒಡೆಯುವುದಿಲ್ಲ, ಮಗು ಇರುವ ಯಾವ ಮನೆಯಲ್ಲೂ ಮಾತು ಶುರುವಾಗುತ್ತದೆ. ಬೀದರಿನ ಬಿದರಿ ಕೆಲಸ ಇದಕ್ಕಿಂತ ಬೆಲೆಬಾಳುವುದು, ಆದರೆ ಅದು ಲೋಹ, ಭಾರ. ಮೈಸೂರು ಸ್ಯಾಂಡಲ್ ಸಾಬೂನು ಇನ್ನೂ ಅನುಕೂಲ: ದ್ರವವಲ್ಲ, ಸೋರುವುದಿಲ್ಲ, ಚೀಲದ ಬಟ್ಟೆಗೂ ಪರಿಮಳ ಹಿಡಿಯುತ್ತದೆ, ಬೇಕೆಂದರೆ ತಾವೇ ಬಳಸಬಹುದು.

ಯಾವುದನ್ನೇ ಆರಿಸಿದರೂ ಹೊರಡುವ ಹಿಂದಿನ ಸಂಜೆ ಕೊಡಬೇಡಿ. ಅಷ್ಟು ಹೊತ್ತಿಗೆ ಚೀಲ ಕಟ್ಟಿ ಮುಗಿದಿರುತ್ತದೆ. ವಾರದ ಮುಂಚೆ, ದೊಡ್ಡ ರಟ್ಟಿನ ಪೆಟ್ಟಿಗೆ ಬಿಚ್ಚಿ, ಪವರ್ ಬ್ಯಾಂಕ್ ಆದರೆ ಒಮ್ಮೆ ಪೂರ್ತಿ ಚಾರ್ಜ್ ಮಾಡಿ, ಅಂಕಿ ಬೀಗವಾದರೆ ಅವರೆದುರೇ ಅವರಿಗೆ ಬೇಕಾದ ಅಂಕಿ ಹೊಂದಿಸಿ ಕೊಡಿ. ವಾರಂಟಿ ಇರುವ ವಸ್ತುವಾದರೆ ಬಿಲ್ಲಿನ ಬೆಲೆಯ ಭಾಗ ಮುಚ್ಚಿ ಫೋಟೋ ತೆಗೆದು ಅವರ ಮೊಬೈಲಿಗೆ ಕಳುಹಿಸಿ. ಮೂಲ ಬಿಲ್ಲು ನಿಮ್ಮ ಬಳಿಯೇ ಇರಲಿ.